ಜ್ಯೇಷ್ಠಮಧು ಕಡ್ಡಿಯ ಮೇಲಿನ ಮುದ್ರೆ

(ಸಂಗೀತಾಸಕ್ತರ ಸಣ್ಣ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಕೇಳಿಸಿದ ಧ್ವನಿಮುದ್ರಿಕೆಗಳ ಬದಲು ಇಲ್ಲಿ ಅವುಗಳ ವಿವರಣೆ ಇದೆ.)

ನಮಸ್ಕಾರ. ಒಳಗೆ ಬರುವಾಗ ಮೆಟ್ಟಿಲ ಬಳಿಯೇ ಒಬ್ಬ ಹುಡುಗ ನನ್ನನ್ನು ತಡೆದು, "ಬೆನ್ನಿ ಗುಡ್‌ಮನ್ ಯಾವ ಕಂಪನಿಯ ಕ್ಲಾರಿನೆಟ್ ನುಡಿಸುತ್ತಿದ್ದ ಸರ್?" ಎಂದು ಕೇಳಿದ. ಗುಡ್‌ಮನ್ ಎಂದರೆ ಅಮೆರಿಕದ ಹೆಸರಾಂತ ಜಾಝ್ ಕ್ಲಾರಿನೆಟ್ ವಾದಕ. ಹುಡುಗ ಹೊಸದಾಗಿ ಕಲಿಯಲು ತೊಡಗಿದ್ದಾನೆ, ಒಂದು ವಾದ್ಯ ಕೊಳ್ಳಬೇಕಾಗಿದೆ. "ಸೆಲ್ಮರ್, ವಯಸ್ಸಾದ ಮೇಲೆ ಬುಫೆ" ಎಂದೆ. ಅವನು ಮೊಬೈಲ್‌ನಲ್ಲಿ ಬರೆದುಕೊಂಡ. ಅವನ ಮಟ್ಟಿಗೆ ನನ್ನ ಉಪನ್ಯಾಸ ಅಲ್ಲಿಗೇ ಮುಗಿಯಿತು. ಆದರೂ ಸೌಜನ್ಯಕ್ಕೆಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ.

ಅವನನ್ನು ನೋಡಿ ನಗುವ ಹಕ್ಕು ನನಗಿಲ್ಲ. ಮೂವತ್ತು ವರ್ಷದ ಹಿಂದೆ ನಾನೂ ಹೀಗೆಯೇ ಕಂಪನಿಯ ಮುದ್ರೆ ನೋಡಿ ಒಂದು ಹಳೆಯ ಕ್ಲಾರಿನೆಟ್ ಕೊಂಡವನು. ಎರಡು ತಿಂಗಳ ಸಂಬಳ ಹೋಯಿತು. ಮನೆಗೆ ತಂದು ಊದಿದರೆ ಬಾತುಕೋಳಿ ಕೂಗಿದ ಹಾಗಾಯಿತು. ವಾದ್ಯದಲ್ಲಿ ಯಾವ ದೋಷವೂ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳೆ. ನೆಲ ನುಣುಪಾಗಿದ್ದರೆ ಕುಣಿತ ತಾನಾಗಿಯೇ ಬಂದೀತು ಎಂದು ನಂಬುವವರೂ ಇರುತ್ತಾರೆ. ನಾನು ಆ ಎರಡನೆಯ ಜಾತಿಯವನು.

ಮೊದಲು ಈ ವಾದ್ಯದ ಮೈ ನೋಡೋಣ. ಅಮೆರಿಕದ ಜಾಝ್ ಮಂದಿ ಇದನ್ನು ಪ್ರೀತಿಯಿಂದ ಲಿಕೊರಿಸ್ ಸ್ಟಿಕ್ ಎಂದು ಕರೆಯುತ್ತಿದ್ದರು. ಲಿಕೊರಿಸ್ ಎಂದರೆ ನಮ್ಮ ಜ್ಯೇಷ್ಠಮಧು. ಅದರ ಸತ್ವದಿಂದ ಮಾಡುವ ಕಪ್ಪು ಮಿಠಾಯಿ ಕಡ್ಡಿಯ ಹಾಗೆ ಕಾಣುತ್ತದೆಂದು ಆ ಹೆಸರು. ಕಪ್ಪು ಬಣ್ಣ ಮರದ್ದೇ. ಟಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುವ ಈ ಮರಕ್ಕೆ ಸ್ವಾಹಿಲಿಯಲ್ಲಿ ಎಂಪಿಂಗೋ ಎನ್ನುತ್ತಾರೆ, ವಾದ್ಯ ಮಾಡುವವರು ಗ್ರೆನಡಿಲ್ಲಾ ಎನ್ನುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಇದರ ಕುಲ ಡಾಲ್ಬರ್ಜಿಯಾ, ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ ಮರದ ದಾಯಾದಿ. ಮೈಸೂರಿನ ಕೆತ್ತಿಕೂರಿಸುವ ಕುಸುರಿಗೆ ಬಳಸುತ್ತಾರಲ್ಲ, ಅದೇ ಬೀಟೆ. ಆಫ್ರಿಕಾದ ಮರ ಫ್ರಾನ್ಸಿಗೆ ಹೋಗಿ ಕೊಳವೆಯಾಗಿ, ಅಮೆರಿಕಕ್ಕೆ ಹೋಗಿ ಜಾಝ್ ಆಯಿತು. ಆಫ್ರಿಕಾದಿಂದ ಅಮೆರಿಕಕ್ಕೆ ಒಯ್ಯಲಾದ ಜನರ ಮಕ್ಕಳು ಮೊಮ್ಮಕ್ಕಳೇ ಆ ಸಂಗೀತಕ್ಕೆ ಜನ್ಮ ಕೊಟ್ಟವರು ಎಂಬುದನ್ನು ನೆನೆದರೆ, ಆ ಮರದ ಪಯಣ ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸುತ್ತದೆ.

ಕಂಪನಿಯ ಮುದ್ರೆ ಈ ಮರದ ಮೇಲಿರುತ್ತದೆ. ಆದರೆ ನಾದ ಹುಟ್ಟುವುದು ಮರದಲ್ಲಲ್ಲ. ತುದಿಯಲ್ಲಿ ಕೊಕ್ಕಿನಂಥ ಬಾಯಿತುಂಡು, ಅದಕ್ಕೆ ಕಟ್ಟಿದ ತೆಳ್ಳನೆಯ ಜೊಂಡಿನ ಪಟ್ಟಿ. ಎರಡರ ನಡುವೆ ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಸಂದು. ಆ ಸಂದು ಕೂದಲೆಳೆಯಷ್ಟು ಹಿಗ್ಗಿದರೆ ಸ್ವರವನ್ನು ಬಗ್ಗಿಸಬಹುದು, ಗದರಿಸಬಹುದು. ಕುಗ್ಗಿದರೆ ಸ್ವರ ಶಿಸ್ತಾಗಿ ಸಾಲಿನಲ್ಲಿ ನಿಲ್ಲುತ್ತದೆ. ಜಾಝ್ ನುಡಿಸುವವರು ಸಾಮಾನ್ಯವಾಗಿ ಹಿಗ್ಗಿದ ಸಂದನ್ನೇ ಆರಿಸಿಕೊಂಡರು.

ಇನ್ನೊಂದು ವಿಚಿತ್ರವಿದೆ. ಸಂಗೀತ ಕಲಿತವರಿಗೆ ಇದು ಬೇಗ ತಿಳಿಯುತ್ತದೆ. ಕೊಳಲಿನಲ್ಲಿ ಷಡ್ಜ ಹಿಡಿದು ಉಸಿರನ್ನು ಬಿಗಿ ಮಾಡಿದರೆ ಅದೇ ಬೆರಳಿಗೆ ಮೇಲಿನ ಷಡ್ಜ ಸಿಗುತ್ತದೆ. ಕ್ಲಾರಿನೆಟ್‌ನಲ್ಲಿ ಸಿಗುವುದಿಲ್ಲ. ಅದು ಒಂದು ಬದಿ ಮುಚ್ಚಿದ ನೇರ ಕೊಳವೆಯ ಹಾಗೆ ವರ್ತಿಸುತ್ತದೆ. ಆದ್ದರಿಂದ ಮೇಲಿನ ಷಡ್ಜವನ್ನು ಹಾರಿ, ಅದರಾಚೆಯ ಪಂಚಮಕ್ಕೇ ಜಿಗಿಯುತ್ತದೆ. ನಡುವಿನ ಕಂದಕವನ್ನು ತುಂಬಲು ಹೆಚ್ಚು ತೂತು, ಅವನ್ನು ಮುಚ್ಚಿ ತೆರೆಯುವ ಹೆಚ್ಚು ಕೀಲಿ ಬೇಕು. ಕೀಲಿಗಳನ್ನು ಎಲ್ಲಿ, ಹೇಗೆ ಇಡಬೇಕು ಎಂಬ ಜಗಳವೇ ಈ ವಾದ್ಯದ ಅರ್ಧ ಚರಿತ್ರೆ.

ಆ ಜಗಳದಲ್ಲಿ ಎರಡು ಪಕ್ಷಗಳು. ಪ್ಯಾರಿಸ್ಸಿನಲ್ಲಿ ಇಯಾಸೆಂತ್ ಕ್ಲೋಸೆ ಎಂಬ ಮೇಷ್ಟರು ಮತ್ತು ಲೂಯಿ ಒಗುಸ್ತ್ ಬುಫೆ ಎಂಬ ಕುಶಲಕರ್ಮಿ ಸೇರಿ 1839ರಲ್ಲಿ ಹೊಸ ಕೀಲಿ ವ್ಯವಸ್ಥೆಯೊಂದನ್ನು ಪ್ರದರ್ಶಿಸಿದರು. ಥಿಯೋಬಾಲ್ಡ್ ಬೋಮ್ ಎಂಬ ಜರ್ಮನ್ ಕೊಳಲುಗಾರನ ಉಪಾಯವನ್ನು ಅವರು ಕ್ಲಾರಿನೆಟ್ಟಿಗೆ ಒಗ್ಗಿಸಿದ್ದರು. ಮಾಡಿದವರು ಇಬ್ಬರು, ಹೆಸರು ನಿಂತದ್ದು ಮೂರನೆಯವನದು: ಬೋಮ್ ಪದ್ಧತಿ. ಇನ್ನೊಂದು ಹಳೆಯದು, ಸರಳವಾದದ್ದು. ಬ್ರಸೆಲ್ಸ್‌ನ ಯೂಜೀನ್ ಆಲ್ಬರ್ಟ್ ಎಂಬ ತಯಾರಕನ ಹೆಸರಿನಲ್ಲಿ ಆಲ್ಬರ್ಟ್ ಪದ್ಧತಿ ಎನಿಸಿಕೊಂಡಿತು. ಬೋಮ್‌ನಲ್ಲಿ ಬೆರಳಿಗೆ ಅನುಕೂಲ ಹೆಚ್ಚು. ಆಲ್ಬರ್ಟ್‌ನಲ್ಲಿ ಬೆರಳಿಗೆ ಕಷ್ಟ, ಆದರೆ ಸ್ವರಕ್ಕೆ ಒಂದು ಅಗಲ, ಒಂದು ಒರಟು ತುಪ್ಪಳ ಇದೆ ಎಂದು ಅದರ ಭಕ್ತರು ಹೇಳುತ್ತಾರೆ. ನನ್ನ ಕಿವಿಯೂ ಅವರ ಪಕ್ಷವೇ.

ಹುಡುಗ, ನೀನು ಕಂಪನಿಯ ಹೆಸರು ಕೇಳಿದೆ. ಜಾಝ್‌ನ ತವರೂರು ನ್ಯೂ ಆರ್ಲಿಯನ್ಸ್‌ನ ಹಿರಿಯ ವಾದಕನೊಬ್ಬನನ್ನು ಕಂಡಿದ್ದರೆ ಅವನು ನಿನಗೆ, "ಆಲ್ಬರ್ಟೋ, ಬೋಮೋ?" ಎಂಬ ಪ್ರಶ್ನೆಯನ್ನು ಮೊದಲು ಹಾಕುತ್ತಿದ್ದ. ಜಾನಿ ಡಾಡ್ಸ್, ಜಿಮ್ಮಿ ನೂನ್, ಸಿಡ್ನಿ ಬೆಷೆ, ಇವರೆಲ್ಲ ಆಲ್ಬರ್ಟ್ ಮನೆತನದವರು. ಸ್ವಿಂಗ್ ಕಾಲ ಬಂದಾಗ, ಅಂದರೆ 1935ರಿಂದ 1945ರವರೆಗಿನ ದೊಡ್ಡ ವಾದ್ಯವೃಂದಗಳ ಹತ್ತು ವರ್ಷದಲ್ಲಿ, ಬೋಮ್ ಗೆದ್ದಾಗಿತ್ತು. ಆದರೂ ಎಡ್ಮಂಡ್ ಹಾಲ್ ಕೊನೆಯವರೆಗೂ ಆಲ್ಬರ್ಟ್ ಬಿಡಲಿಲ್ಲ. ಅವನ ಸ್ವರದಲ್ಲಿ ಒಂದು ಗುರುಗುಟ್ಟುವಿಕೆ ಇದೆ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಎರಡು ಸ್ವರ ಕೇಳಿದರೆ ಸಾಕು, ಹಾಲ್ ಎಂದು ಗೊತ್ತಾಗುತ್ತದೆ.

ಈ ಎರಡು ಪದ್ಧತಿಗಳ ನಿಜವಾದ ಪ್ರಯೋಗಶಾಲೆ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್‌ನ ವೃಂದ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿಂದ ನಮ್ಮ ದೇಶಕ್ಕೂ ಒಂದು ಎಳೆ ಬರುತ್ತದೆ. 1927ರಲ್ಲಿ ಎಲಿಂಗ್ಟನ್ ಬಳಿ ರೂಡಿ ಜಾಕ್ಸನ್ ಎಂಬ ಕ್ಲಾರಿನೆಟ್ ವಾದಕನಿದ್ದ. ಆ ವರ್ಷದ 'ಕ್ರಿಯೋಲ್ ಲವ್ ಕಾಲ್' ಮುದ್ರಿಕೆಯ ರಾಗವನ್ನು ತಂದವನು ಅವನೇ. ರಾಗ ಅವನದಾಗಿರಲಿಲ್ಲ, ಕಿಂಗ್ ಆಲಿವರ್ ಎಂಬ ಹಿರಿಯ ವೃಂದನಾಯಕನ ಹಳೆಯ ರಚನೆಯದು. ಗುಟ್ಟು ರಟ್ಟಾಯಿತು, ಜಾಕ್ಸನ್ ಕೆಲಸ ಕಳೆದುಕೊಂಡ. ಮುಂದೆ ಅವನು 1930ರ ದಶಕದಲ್ಲಿ ಭಾರತಕ್ಕೆ ಬಂದು ಇಲ್ಲಿನ ದೊಡ್ಡ ಹೋಟೆಲುಗಳ ಜಾಝ್ ವೃಂದಗಳಲ್ಲಿ ನುಡಿಸಿದ. ಎಲಿಂಗ್ಟನ್‌ನ ವೃಂದದಲ್ಲಿ ಊದಿದವನ ಕ್ಲಾರಿನೆಟ್ಟನ್ನು ನಮ್ಮ ಹಿರಿಯರಲ್ಲಿ ಯಾರೋ ಊಟದ ಮೇಜಿನಲ್ಲಿ ಕುಳಿತು, ಅವನು ಯಾರೆಂದು ತಿಳಿಯದೆ ಕೇಳಿರಬೇಕು.

ಜಾಕ್ಸನ್ ತೆರವು ಮಾಡಿದ ಕುರ್ಚಿಗೆ ಬಂದವನು ಬಾರ್ನಿ ಬಿಗಾರ್ಡ್. ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ (ಫ್ರೆಂಚ್, ಆಫ್ರಿಕನ್ ರಕ್ತ ಬೆರೆತ ಸಮುದಾಯದವನು), ಆಲ್ಬರ್ಟ್ ವಾದಕ, ಲೊರೆಂಜೊ ಟಿಯೊ ಎಂಬ ಗುರುವಿನ ಶಿಷ್ಯ. 1930ರ 'ಮೂಡ್ ಇಂಡಿಗೋ' ಕೇಳಿ. ವಾಡಿಕೆಯಲ್ಲಿ ಕ್ಲಾರಿನೆಟ್ ಮೇಲೆ, ಟ್ರಂಪೆಟ್ ನಡುವೆ, ಟ್ರಾಂಬೋನ್ ಕೆಳಗೆ. ಎಲಿಂಗ್ಟನ್ ಅದನ್ನು ಬುಡಮೇಲು ಮಾಡಿದ. ಬಾಯಿ ಮುಚ್ಚಿದ ಟ್ರಂಪೆಟ್ ಟ್ರಾಂಬೋನ್‌ಗಳು ಮೇಲೆ ಒಂದಕ್ಕೊಂದು ಅಂಟಿಕೊಂಡು ನಡೆಯುತ್ತವೆ. ಬಿಗಾರ್ಡ್‌ನ ಕ್ಲಾರಿನೆಟ್ ಬಹಳ ಕೆಳಗೆ, ಮಂದ್ರದಲ್ಲಿ, ಹಳೆಯ ಬಾವಿಯ ತಳದಿಂದ ಮಾತನಾಡುತ್ತದೆ. ಆ ಕಡು ಮಂದ್ರವೇ ಆಲ್ಬರ್ಟ್ ವಾದಕರ ಆಸ್ತಿ. 1942ರಲ್ಲಿ ಬಿಗಾರ್ಡ್ ಹೊರಟುಹೋದ. ಮರುವರ್ಷ ಜಿಮ್ಮಿ ಹ್ಯಾಮಿಲ್ಟನ್ ಬಂದ. ಬೋಮ್ ಬೆರಳು, ಶಾಸ್ತ್ರೀಯ ಶುದ್ಧಿ, ಇಸ್ತ್ರಿ ಮಾಡಿದ ಅಂಗಿಯಂಥ ಸ್ವರ. ಬೆರಗುಗೊಳಿಸುತ್ತಾನೆ, ಆದರೆ ಬಾವಿ ಇಲ್ಲ. 1946ರಲ್ಲಿ ರಸೆಲ್ ಪ್ರೊಕೋಪ್ ಸೇರಿದ ಮೇಲೆ, ಹಳೆಯ ಮಣ್ಣಿನ ವಾಸನೆ ಬೇಕಾದಾಗಲೆಲ್ಲ ಎಲಿಂಗ್ಟನ್ ಅವನ ಕಡೆ ತಿರುಗುತ್ತಿದ್ದ. ಒಂದೇ ವೃಂದ, ಇಬ್ಬರು ವಾದಕರು, ಎರಡು ಬಗೆಯ ನಾದ. ಇವರ ವಾದ್ಯಗಳ ಮೇಲಿದ್ದ ಮುದ್ರೆ ನನಗೆ ಮುಖ್ಯವೇ ಅನಿಸುವುದಿಲ್ಲ.

ಹಾಗಾದರೆ ಮುದ್ರೆ ಮುಖ್ಯವಾದದ್ದು ಯಾವಾಗ? ಅದು ವ್ಯಾಪಾರದ ಕತೆ, ಮತ್ತು ಒಳ್ಳೆಯ ಕತೆ.

ಆಂರಿ ಸೆಲ್ಮರ್ ಪ್ಯಾರಿಸ್ಸಿನಲ್ಲಿ 1885ರಲ್ಲಿ ಕಾರ್ಖಾನೆ ತೆರೆದ. ತಾನೂ ಕ್ಲಾರಿನೆಟ್ ನುಡಿಸುವವನೇ. ಅವನ ತಮ್ಮ ಅಲೆಕ್ಸಾಂದ್ರ ಅಮೆರಿಕಕ್ಕೆ ಹೋಗಿ ಬಾಸ್ಟನ್, ಸಿನ್ಸಿನ್ನಾಟಿ, ನ್ಯೂಯಾರ್ಕ್‌ನ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಊದಿದ. ಅಣ್ಣ ಮಾಡಿದ ವಾದ್ಯವನ್ನು ತಮ್ಮ ವೇದಿಕೆಯ ಮೇಲೆ ನುಡಿಸಿದರೆ ಅದಕ್ಕಿಂತ ಜಾಹೀರಾತು ಬೇಕೆ? ಮುಂದೆ ಜಾರ್ಜ್ ಬಂಡಿ ಎಂಬಾತ ಅಮೆರಿಕದ ವ್ಯವಹಾರ ವಹಿಸಿಕೊಂಡು, ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಊರಿನಲ್ಲಿ ಬೇರೂರಿಸಿದ. ನಮ್ಮಲ್ಲಿ ಇಳಕಲ್ಲಿಗೆ ಸೀರೆ ಹೇಗೋ, ಅಲ್ಲಿ ಎಲ್ಕಾರ್ಟಿಗೆ ಊದುವ ವಾದ್ಯ ಹಾಗೆ. ಕಾನ್, ಬ್ಯೂಷರ್ ಮುಂತಾದ ಕಂಪನಿಗಳೆಲ್ಲ ಅದೇ ಊರಿನವು.

ಬುಫೆ ಇನ್ನೂ ಹಳಬ. ಮದುವೆ ಮನೆಯ ನಿಂತು ಉಣ್ಣುವ ಊಟಕ್ಕೂ ಇದಕ್ಕೂ ನಂಟಿಲ್ಲ, ಅಕ್ಷರ ಮಾತ್ರ ಒಂದೇ. 1825ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಮನೆತನ. ಸ್ಥಾಪಕನ ಮಗ 1836ರಲ್ಲಿ ಕ್ರಾಂಪೋನ್ ಮನೆಯ ಹುಡುಗಿಯನ್ನು ಮದುವೆಯಾದ ಮೇಲೆ ಬುಫೆ ಕ್ರಾಂಪೋನ್ ಆಯಿತು. ಶಾಸ್ತ್ರೀಯ ಆರ್ಕೆಸ್ಟ್ರಾದವರಿಗೆ ಇದು ಕುಲದೈವ.

ಈಗ 1935ರ ಆಗಸ್ಟ್ 21. ಲಾಸ್ ಏಂಜಲೀಸ್‌ನ ಪಾಲೋಮರ್ ಎಂಬ ನೃತ್ಯ ಸಭಾಂಗಣ. ಗುಡ್‌ಮನ್‌ನ ವೃಂದ ದೇಶದುದ್ದಕ್ಕೂ ಸೋತು ಸುಣ್ಣವಾಗಿ ಅಲ್ಲಿಗೆ ತಲುಪಿತ್ತು. ಅಂದು ರಾತ್ರಿ ಯುವಕರು ಹುಚ್ಚೆದ್ದು ಕುಣಿದರು. ಸ್ವಿಂಗ್ ಯುಗ ಹುಟ್ಟಿದ ರಾತ್ರಿ ಅದು ಎಂದು ಪುಸ್ತಕಗಳು ಬರೆಯುತ್ತವೆ. ಯುಗಗಳು ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ, ಆದರೆ ಗುಡ್‌ಮನ್‌ನ ಬೆಲೆ ಮಾತ್ರ ಅಲ್ಲಿಂದ ಏರುತ್ತ ಹೋಯಿತು. ಎರಡೂವರೆ ವರ್ಷದ ಬಳಿಕ, 1938ರ ಜನವರಿ 16ರಂದು ಅವನು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್ ವೇದಿಕೆ ಹತ್ತಿದಾಗ ಬೆನ್ನ ಹಿಂದೆ ಮೂರು ಟ್ರಂಪೆಟ್, ಎರಡು ಟ್ರಾಂಬೋನ್, ನಾಲ್ಕು ಸ್ಯಾಕ್ಸೋಫೋನ್, ಜೊತೆಗೆ ಜೀನ್ ಕ್ರೂಪಾನ ಡ್ರಮ್. ಇವರೆಲ್ಲರ ಗದ್ದಲದ ಮೇಲೆ ಒಂದು ಮರದ ಕಡ್ಡಿ ತೇಲಬೇಕು.

ಇಲ್ಲಿ ವಾದ್ಯದ ತಯಾರಿಕೆಗೆ ನಿಜವಾದ ಅರ್ಥ ಬರುತ್ತದೆ. ಕೊಳವೆಯ ಒಳಗಿನ ವ್ಯಾಸವನ್ನು ಬೋರ್ ಎನ್ನುತ್ತಾರೆ. ಗುಡ್‌ಮನ್ ಜಾಹೀರಾತಿಗೆ ನಿಂತ ಸೆಲ್ಮರ್ ಮಾದರಿಗಳಲ್ಲಿ, ಮುಖ್ಯವಾಗಿ 1950ರ ದಶಕದ ಸೆಂಟರ್ಡ್ ಟೋನ್‌ನಲ್ಲಿ, ಅದು 15 ಮಿಲಿಮೀಟರ್ ಆಸುಪಾಸು. ಬುಫೆಯ ಆರ್13 ಎಂಬ ಹೆಸರಾಂತ ಮಾದರಿ 1955ರದು, ರೋಬೇರ್ ಕಾರೆ ರೂಪಿಸಿದ್ದು. ಅದು ತುಸು ಕಿರಿದು. ವ್ಯತ್ಯಾಸ ಮಿಲಿಮೀಟರ್‌ನ ಒಂದು ಚೂರು, ಅಷ್ಟೆ. ಅಗಲ ಕೊಳವೆಯಲ್ಲಿ ಉಸಿರು ಸಲೀಸಾಗಿ ಹರಿಯುತ್ತದೆ, ಸ್ವರ ಬಗ್ಗುತ್ತದೆ, ಎದುರಿನ ಹಿತ್ತಾಳೆ ಪಡೆಗೆ ಉತ್ತರ ಕೊಡಬಹುದು. ಕಿರಿದರಲ್ಲಿ ಶ್ರುತಿ ಶಿಸ್ತಾಗಿರುತ್ತದೆ, ಪಕ್ಕದ ವಾದ್ಯದೊಡನೆ ಬೆರೆಯುತ್ತದೆ. ಸ್ವಿಂಗ್ ವಾದಕರು ಅಗಲ ಬೋರ್ ಇಷ್ಟಪಟ್ಟದ್ದರ ಹಿಂದೆ ಕುಣಿತದ ಸಭಾಂಗಣದ ಗದ್ದಲವಿತ್ತು. ಜಾಹೀರಾತು ನಂತರದ್ದು.

ಆದರೆ ಜಾಹೀರಾತು ಏನನ್ನು ಮರೆಮಾಚುತ್ತದೆ ಎಂದು ತಿಳಿಯಲು ಆರ್ಟಿ ಶಾ ಎಂಬ ಇನ್ನೊಬ್ಬ ಸ್ವಿಂಗ್ ಕ್ಲಾರಿನೆಟ್ ವಾದಕನನ್ನು ಗುಡ್‌ಮನ್‌ನ ಪಕ್ಕದಲ್ಲಿಟ್ಟು ಕೇಳಬೇಕು. ಇಬ್ಬರೂ ವಲಸೆ ಬಂದ ಬಡ ಯಹೂದಿ ಕುಟುಂಬದವರು, ವಯಸ್ಸಿನಲ್ಲಿ ಒಂದು ವರ್ಷದ ಅಂತರ. ಇಬ್ಬರೂ ನ್ಯೂಯಾರ್ಕ್ ರೇಡಿಯೋ ಸ್ಟುಡಿಯೋಗಳಲ್ಲಿ ಕೂಲಿಗೆ ಊದಿದವರು, ಇಬ್ಬರ ಕೈಯಲ್ಲೂ ಸೆಲ್ಮರ್. ಈಗ 1938ರ ಜುಲೈನಲ್ಲಿ ಮುದ್ರಿಸಿದ 'ಬಿಗಿನ್ ದ ಬಿಗೀನ್' ಹಾಕುತ್ತೇನೆ. ಶಾ ರಾಗವನ್ನು ಹಾಡುತ್ತಾನೆ. ಸ್ವರದಿಂದ ಸ್ವರಕ್ಕೆ ಜಾರುತ್ತಾನೆ, ಮೇಲಿನ ಸ್ಥಾಯಿಯಲ್ಲಿ ದುಂಡಗೆ ಹೊಳೆಯುತ್ತಾನೆ. ಗುಡ್‌ಮನ್ ಹಾಗಲ್ಲ. ಅವನದು ತಾಳದ ಮೇಲೆ ಚಿಮ್ಮುವ, ಮೊನೆಯುಳ್ಳ ಮಾತು. ಶಾನ ಸ್ವರ ರೇಷ್ಮೆಯಾದರೆ ಗುಡ್‌ಮನ್‌ನದು ಚೂಪು ಮಾಡಿದ ಪೆನ್ಸಿಲ್. ಮುದ್ರೆ ಒಂದೇ, ನಾದ ಎರಡು. ಶಾ ಮುಂದೆ ಬುಫೆಗೆ ಹೋದ. ಅವನು ಕೊನೆಗಾಲದಲ್ಲಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟ ಎರಡು ಕ್ಲಾರಿನೆಟ್‌ಗಳಲ್ಲಿ ಒಂದು ಸೆಲ್ಮರ್, ಇನ್ನೊಂದು ಬುಫೆ. 1954ರಲ್ಲಿ, ನಲವತ್ತನಾಲ್ಕರ ಹರೆಯದಲ್ಲಿ, ಕ್ಲಾರಿನೆಟ್ ಕೆಳಗಿಟ್ಟವನು ಮತ್ತೆ ಐವತ್ತು ವರ್ಷ ಬದುಕಿದರೂ ವಾದಕನಾಗಿ ಮರಳಲಿಲ್ಲ. ಇಂಥ ಸಂನ್ಯಾಸ ನನಗೆ ಅರ್ಥವಾಗುವುದಿಲ್ಲ, ಆದರೆ ಮನಸ್ಸು ಅದರ ಸುತ್ತ ಸುಳಿಯುತ್ತಲೇ ಇರುತ್ತದೆ.

ಗುಡ್‌ಮನ್ ಇದಕ್ಕೆ ತದ್ವಿರುದ್ಧ. ಅವನಿಗೆ ಬಿಡುವುದು ಗೊತ್ತೇ ಇರಲಿಲ್ಲ. ಚಿಕಾಗೋದಲ್ಲಿ ಹುಡುಗನಾಗಿದ್ದಾಗ ಫ್ರಾನ್ಸ್ ಶೆಪ್ ಎಂಬ ಜರ್ಮನ್ ಮೇಷ್ಟರ ಬಳಿ ಕಲಿತವನು. ಆ ಮೇಷ್ಟರು ಬಣ್ಣ ನೋಡದೆ ಪಾಠ ಹೇಳುತ್ತಿದ್ದರು. ಕಪ್ಪು ಜನಾಂಗದ ಬಸ್ಟರ್ ಬೈಲಿ ಮತ್ತು ಗುಡ್‌ಮನ್ ಅಲ್ಲಿ ಜೊತೆಯಾಗಿ ನುಡಿಸಿದ್ದುಂಟು. ಕೀರ್ತಿಯ ಶಿಖರ ಮುಟ್ಟಿದ ಮೇಲೆ, ನಲವತ್ತನೆಯ ವಯಸ್ಸಿನಲ್ಲಿ, 1949ರಲ್ಲಿ, ಅವನು ರೆಜಿನಾಲ್ಡ್ ಕೆಲ್ ಎಂಬ ಇಂಗ್ಲಿಷ್ ವಾದಕನ ಮುಂದೆ ಶಿಷ್ಯನಾಗಿ ಕುಳಿತ. ಅದುವರೆಗೆ ಮೇಲಿನ ಹಲ್ಲನ್ನು ಬಾಯಿತುಂಡಿನ ಮೇಲೂರಿ ಊದುತ್ತಿದ್ದವನು ಎರಡೂ ತುಟಿಗಳ ನಡುವೆ ಹಿಡಿಯಲು ಕಲಿತ. ಬೆರಳಿನ ಇಡುವಿಕೆ ಬದಲಿಸಿದ. ಬೆರಳಿನಲ್ಲಿ ವರ್ಷಗಳಿಂದ ಕಟ್ಟಿದ್ದ ಜಡ್ಡನ್ನು ತೆಗೆಸಿಹಾಕಿದ. ಸಂಗೀತಗಾರರು ತಪ್ಪಿದರೆ ಅವನು ಕನ್ನಡಕದ ಮೇಲಿಂದ ಬೀರುತ್ತಿದ್ದ ನೋಟ ಕುಪ್ರಸಿದ್ಧ, ಅದಕ್ಕೆ 'ರೇ' ಎಂದೇ ಹೆಸರಿತ್ತು. ಆ ನೋಟವನ್ನು ಅವನು ತನ್ನ ಮೇಲೂ ಬೀರಿಕೊಳ್ಳುತ್ತಿದ್ದ ಎಂದಾಯಿತು.

ಶಾಸ್ತ್ರೀಯ ಸಂಯೋಜಕರಾದ ಬಾರ್ಟೋಕ್ ಅವನಿಗಾಗಿ ಬರೆದ, ಕೋಪ್ಲಂಡ್ ಬರೆದ. ಕೋಪ್ಲಂಡ್‌ನ ಕಾನ್ಸರ್ಟೋ 1950ರಲ್ಲಿ ರೇಡಿಯೋದಲ್ಲಿ ಮೊದಲು ಪ್ರಸಾರವಾಗುವ ಮೊದಲೇ ಕೊನೆಯ ಭಾಗದ ಕೆಲವು ತಾರಸ್ವರಗಳು ಗುಡ್‌ಮನ್‌ಗೆ ಅತಿಯೆನಿಸಿ, ಕೋಪ್ಲಂಡ್ ಅವನ್ನು ತಗ್ಗಿಸಿದ. ನೋಡಿ, ಅತ್ಯುತ್ತಮ ವಾದ್ಯ ಕೈಯಲ್ಲಿದ್ದರೂ ದಾಟಲಾಗದ ಗೆರೆ ಗುಡ್‌ಮನ್‌ಗೂ ಇತ್ತು.

ಮೂರನೆಯ ಕಂಪನಿ ಲೆಬ್ಲಾಂಕ್, ಅದರ ಕತೆ ಎರಡನೆಯ ಮಹಾಯುದ್ಧದ್ದು. ಗ್ಲೆನ್ ಮಿಲ್ಲರ್‌ನ ವೃಂದದ ನಾದವನ್ನು ನೀವು ಹೆಸರು ತಿಳಿಯದೆಯೂ ಕೇಳಿದ್ದೀರಿ: ನಾಲ್ಕು ಸ್ಯಾಕ್ಸೋಫೋನ್‌ಗಳ ಮೇಲೆ ಒಂದು ಕ್ಲಾರಿನೆಟ್ ರಾಗ ಹಿಡಿದು ನಡೆಯುತ್ತದೆ. ಆ ಕ್ಲಾರಿನೆಟ್ ವಿಲ್ಬರ್ ಶ್ವಾರ್ಟ್ಸ್‌ನದು. ಅವನ ಹೆಸರು ಯಾರಿಗೂ ನೆನಪಿಲ್ಲ, ಸ್ವರ ಎಲ್ಲರಿಗೂ ನೆನಪಿದೆ. ಯುದ್ಧದಲ್ಲಿ ಮಿಲ್ಲರ್ ಕಟ್ಟಿದ ವಾಯುಪಡೆಯ ವೃಂದದಲ್ಲಿ ವಾದ್ಯ ರಿಪೇರಿಗೆಂದು ವಿಟೋ ಪಾಸ್ಕುಚಿ ಎಂಬ ತರುಣನಿದ್ದ. ಯುದ್ಧ ಮುಗಿದ ಮೇಲೆ ಇಬ್ಬರೂ ಸೇರಿ ಸಂಗೀತದ ಅಂಗಡಿಗಳನ್ನು ತೆರೆಯುವ ಮಾತಾಗಿತ್ತು. 1944ರ ಡಿಸೆಂಬರ್ 15ರಂದು ಮಿಲ್ಲರ್ ಹತ್ತಿದ ವಿಮಾನ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಕಾಣೆಯಾಯಿತು. ಪಾಸ್ಕುಚಿ ಪ್ಯಾರಿಸ್ಸಿನಲ್ಲಿ ಈ ಲೆಬ್ಲಾಂಕ್ ವಾದ್ಯ ತಯಾರಕರ ಮನೆಯ ಪರಿಚಯ ಮಾಡಿಕೊಂಡ. 1946ರಲ್ಲಿ ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ ಲೆಬ್ಲಾಂಕ್‌ನ ಅಮೆರಿಕದ ಶಾಖೆ ಶುರುವಾಯಿತು. ಮುಂದಿನ ಪೀಳಿಗೆಯ ಪೀಟ್ ಫೌಂಟನ್ ಆ ಕಂಪನಿಯ ಹೆಸರನ್ನು ಬೆಳಗಿಸಿದ. ಆದರೆ ಅವನ ದಪ್ಪ, ಬೆಣ್ಣೆಯಂಥ ಸ್ವರದ ಗುಟ್ಟೇನು ಎಂದು ಕೇಳಿದರೆ ಬಲ್ಲವರು ತೋರಿಸುತ್ತಿದ್ದದ್ದು ಲೆಬ್ಲಾಂಕ್ ಮರವನ್ನಲ್ಲ, ಅದರ ತುದಿಯ ಸ್ಫಟಿಕದ ಬಾಯಿತುಂಡನ್ನು. ಅದು ಸ್ವಿಂಗ್ ಕಾಲದ ಇರ್ವಿಂಗ್ ಫಜೋಲಾನಿಂದ ಬಂದ ಬಳುವಳಿ. ಫಜೋಲಾ 1949ರಲ್ಲಿ, ಇನ್ನೂ ಮೂವತ್ತಾರರ ಪ್ರಾಯದಲ್ಲಿ, ತೀರಿಕೊಂಡಿದ್ದ.

ಕೊನೆಯದಾಗಿ ಒಬ್ಬ ಸ್ಯಾಕ್ಸೋಫೋನ್‌ಗಾರ. ಲೆಸ್ಟರ್ ಯಂಗ್ ಕೌಂಟ್ ಬೇಸಿಯ ವೃಂದದಲ್ಲಿ ಟೆನರ್ ಸ್ಯಾಕ್ಸೋಫೋನ್ ನುಡಿಸಿ ಜಗತ್ತನ್ನು ಬದಲಿಸಿದವನು. ಆಗಾಗ ಕ್ಲಾರಿನೆಟ್ಟನ್ನೂ ಎತ್ತಿಕೊಳ್ಳುತ್ತಿದ್ದ. ಅವನದು ಗ್ರೆನಡಿಲ್ಲಾ ಮರವೂ ಅಲ್ಲ, ಲೋಹದ್ದು. ಆ ಕಾಲದ ಅಮೆರಿಕದಲ್ಲಿ ಲೋಹದ ಕ್ಲಾರಿನೆಟ್ ಶಾಲಾ ಮಕ್ಕಳ ಬ್ಯಾಂಡಿಗೆಂದು ರಾಶಿ ರಾಶಿ ತಯಾರಾಗುತ್ತಿತ್ತು: ಬಿಸಿಲಿಗೆ ಬಿರಿಯುವುದಿಲ್ಲ, ಕೆಳಗೆ ಬಿದ್ದರೆ ಒಡೆಯುವುದಿಲ್ಲ, ಬೆಲೆಯೂ ಕಡಿಮೆ. ಗಂಭೀರ ವಾದಕರು ಅದನ್ನು ಮುಟ್ಟಲು ನಾಚುತ್ತಿದ್ದರು. 1938ರ ಸೆಪ್ಟೆಂಬರ್‌ನಲ್ಲಿ ಬೇಸಿಯ ಗೆಳೆಯರು ಆರು ಮಂದಿ, ಪಿಯಾನೋ ಇಲ್ಲದೆ, ಕಾನ್ಸಾಸ್ ಸಿಟಿ ಸಿಕ್ಸ್ ಎಂಬ ಹೆಸರಿನಲ್ಲಿ ಕೆಲವು ಹಾಡು ಮುದ್ರಿಸಿದರು. ಅಲ್ಲಿ ಲೆಸ್ಟರ್ ಆ ಲೋಹದ ಕೊಳವೆ ಊದುತ್ತಾನೆ. ಗುಡ್‌ಮನ್‌ನ ಮಿಂಚಿಲ್ಲ, ಶಾನ ರೇಷ್ಮೆಯಿಲ್ಲ. ನಿದ್ದೆಯಿಂದ ಎದ್ದವನೊಬ್ಬ ಕಿಟಕಿಯ ಬಳಿ ನಿಂತು ತನಗೆ ತಾನೇ ಏನೋ ಹೇಳಿಕೊಳ್ಳುವಂತಿದೆ. ಮರುವರ್ಷ ಆ ವಾದ್ಯ ಕಳುವಾಯಿತು. ಅವನು ಇನ್ನೊಂದನ್ನು ಕೊಳ್ಳಲಿಲ್ಲ. ಬಹುಪಾಲು ಇಪ್ಪತ್ತು ವರ್ಷ ಅವನ ಕ್ಲಾರಿನೆಟ್ ಮೌನವಾಗಿಯೇ ಇತ್ತು. 1950ರ ದಶಕದ ಕೊನೆಯಲ್ಲಿ ಮತ್ತೆ ಒಂದೆರಡು ಮುದ್ರಿಕೆಗೆ ಊದಿದ, ಉಸಿರು ಆಗಲೇ ಸೋತಿತ್ತು. 1959ರ ಮಾರ್ಚ್‌ನಲ್ಲಿ ತೀರಿಕೊಂಡ.

ಆ 1938ರ ಹಾಡು ಈಗ ಹಾಕುತ್ತೇನೆ: 'ಐ ವಾಂಟ್ ಎ ಲಿಟ್ಲ್ ಗರ್ಲ್'. ಮೂರು ನಿಮಿಷ ಇದೆ. ಮೂರನೆಯ ಸಾಲಿನ ಹುಡುಗ ಮೊಬೈಲನ್ನು ಜೇಬಿಗೆ ಹಾಕಿಕೊಂಡರೆ ಒಳ್ಳೆಯದು. ಆಮೇಲೆ ಹೊರಗೆ ಕಾಫಿ ಇದೆ.